ತಿಂಗಳ ಮಾತ್ರೆ: ಕೊಳ್ಳೇಗಾಲ ಸೀಮೆಯಲ್ಲಿ ಸ್ಕಿಜೋಫ್ರೇನಿಯಾ ಚಿಕಿತ್ಸೆಯ ಇತಿಹಾಸ

ಸ್ಕಿಜೋಫ್ರೇನಿಯಾ ಇರುವವರು ವರ್ಷಗಟ್ಟಲೆ, ಎಷ್ಟೋ ಸಲ ಬದುಕಿನುದ್ದಕ್ಕೂ ಮಾತ್ರೆ ತೆಗೆದುಕೊಳ್ಳುವ ಪದ್ಧತಿಗೆ ಸುಮಾರು ಎಪ್ಪತ್ತು ವರ್ಷದ ವಯಸ್ಸು. ಕಾಯಿಲೆ ಅದಕ್ಕಿಂತ ಬಹಳ ಹಳೆಯದು. ಮದ್ದಿನ ಗುಣ 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯೊಂದರಲ್ಲಿ ಗೊತ್ತಾಯಿತು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಮಧುವನಹಳ್ಳಿಯಂಥ ಊರಿನ ಮನೆಗೆ ಅದು ತಿಂಗಳು ತಿಂಗಳೂ ತಲುಪುವ ಏರ್ಪಾಡು ಆಗಲು ಇನ್ನೂ ಹಲವು ದಶಕ ಹಿಡಿಯಿತು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಈ ಕಾಯಿಲೆಯ ಚರಿತ್ರೆ ಎಂದರೆ ಮುಖ್ಯವಾಗಿ ಈ ನಡುವಿನ ಕಾಲದ ಚರಿತ್ರೆ. ರಾಜ್ಯದ ಗಡಿ, ರಸ್ತೆ, ಕಾನೂನು, ಆಸ್ಪತ್ರೆಯ ಔಷಧ ದಾಸ್ತಾನು, ಮನೆಯವರ ತಾಳ್ಮೆ, ಇವು ಇಲ್ಲಿ ಪ್ರಯೋಗಾಲಯದ ಶೋಧದಷ್ಟೇ ತೂಕದ ಸಂಗತಿಗಳು.

ಕಾಯಿಲೆಯ ಲಕ್ಷಣಗಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಹುಡುಗರಲ್ಲಿ ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೈದರೊಳಗೆ, ಹೆಣ್ಣುಮಕ್ಕಳಲ್ಲಿ ಕೆಲವು ವರ್ಷ ತಡವಾಗಿ ಶುರುವಾಗುತ್ತದೆ. ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆ, ಆ ಮಾತು ಬೈಯುತ್ತದೆ, ಅಪ್ಪಣೆ ಮಾಡುತ್ತದೆ. ನೆರೆಯವರು ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ, ಊಟಕ್ಕೆ ವಿಷ ಬೆರೆಸಿದ್ದಾರೆ ಎಂಬ ನಂಬಿಕೆ ಬೇರೂರುತ್ತದೆ. ಮಾತಿನ ಕೊಂಡಿ ತಪ್ಪುತ್ತದೆ. ಕೆಲವರಲ್ಲಿ ಇದೆಲ್ಲ ಎದ್ದು ಕಾಣುವ ಮೊದಲೇ ಸ್ನಾನ, ಕೆಲಸ, ಸ್ನೇಹ ಒಂದೊಂದಾಗಿ ಬಿಟ್ಟುಹೋಗಿರುತ್ತವೆ. ಸಾವಿರ ಜನರಲ್ಲಿ ಸುಮಾರು ಏಳು ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆಂಬುದು ಜಾಗತಿಕ ಅಂದಾಜು. ಜರ್ಮನಿಯ ಎಮಿಲ್ ಕ್ರೆಪೆಲಿನ್ 19ನೇ ಶತಮಾನದ ಕೊನೆಯಲ್ಲಿ ಇದನ್ನು ಬೇರೆ ಮನೋರೋಗಗಳಿಂದ ಪ್ರತ್ಯೇಕಿಸಿದರು. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಈಗಿನ ಹೆಸರು ಕೊಟ್ಟರು. ಕನ್ನಡದ ವೈದ್ಯ ಬರಹಗಳಲ್ಲಿ ಇಚ್ಛಿತ್ತ ವಿಕಲತೆ ಎಂಬ ಹೆಸರೂ ಬಳಕೆಯಲ್ಲಿದೆ.

ಕೊಳ್ಳೇಗಾಲ ಸೀಮೆಯಲ್ಲಿ ಇಂಥ ಲಕ್ಷಣ ಕಂಡ ಮನೆಯಲ್ಲಿ ಮೊದಲು ಹುಟ್ಟುತ್ತಿದ್ದ ಮಾತು “ಯಾರೋ ಮಾಡ್ಸವ್ರ” ಅಥವಾ “ಗಾಳಿ ಮೆಟ್ಕಂಡದ”. ಈ ಮಾತು ಕರ್ನಾಟಕದ ಎಲ್ಲ ಕಡೆಯೂ ಇದೆ. ಆದರೆ ಕೊಳ್ಳೇಗಾಲಕ್ಕೆ ಮಾಟದ ಊರೆಂಬ ಹೆಸರು ನಾಡಿನುದ್ದಕ್ಕೂ ಅಂಟಿಕೊಂಡಿರುವುದರಿಂದ ಇಲ್ಲಿನ ಸ್ಥಿತಿ ಸ್ವಲ್ಪ ವಿಚಿತ್ರ. ದೂರದ ಜಿಲ್ಲೆಗಳವರು ಮನೆಯ ಹುಡುಗನ ತಲೆ ಕೆಟ್ಟಿತೆಂದು ಮಾಟ ತೆಗೆಸಲು ಕೊಳ್ಳೇಗಾಲಕ್ಕೆ ಬರುತ್ತಿದ್ದರು. ಕೊಳ್ಳೇಗಾಲದವರಿಗೂ ದಾರಿ ಬೇರೆ ಇರಲಿಲ್ಲ. ನಿಂಬೆಹಣ್ಣು, ತಾಯತ, ಯಂತ್ರ, ತಡೆ ಒಡೆಸುವುದು, ಅಮಾವಾಸ್ಯೆಯ ಪೂಜೆ, ಇವುಗಳ ಖರ್ಚು ಬಡ ಮನೆಗೆ ಸಣ್ಣದಾಗಿರಲಿಲ್ಲ. ಒಬ್ಬ ಮಂತ್ರವಾದಿಯಿಂದ ಇನ್ನೊಬ್ಬನ ಬಳಿಗೆ ಅಲೆದು ಕುರಿ, ಓಲೆ, ತುಂಡು ಹೊಲ ಕಳೆದುಕೊಳ್ಳುವ ಹೊತ್ತಿಗೆ ಕಾಯಿಲೆ ಬಲಿತಿರುತ್ತಿತ್ತು.

ದೇವರ ಮೊರೆ ಇದಕ್ಕಿಂತ ಬೇರೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಹರಕೆ, ಮುಡಿ. ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಮಂಟೇಸ್ವಾಮಿ ಪರಂಪರೆಯ ಕುರುಬನಕಟ್ಟೆ. ಈ ಸ್ಥಳಗಳಲ್ಲಿ ರೋಗಿಗೆ ಒಂದು ಜಾಗವಿತ್ತು. ಅಲ್ಲಿ ಅವನನ್ನು ಯಾರೂ ವಿಚಿತ್ರವಾಗಿ ನೋಡುತ್ತಿರಲಿಲ್ಲ, ಮನೆಯವರು ನಾಲ್ಕು ಜನರ ನಡುವೆ ಕೂತು ಅಳಬಹುದಿತ್ತು. ಈ ಆಸರೆಯನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಗಾಳಿ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಮರಕ್ಕೆ ಅಥವಾ ಕಂಬಕ್ಕೆ ಕಟ್ಟುವುದು ಹಿಂಸೆಯೇ. ಅದನ್ನು ನಂಬಿಕೆಯ ಲೆಕ್ಕದಲ್ಲಿ ಸೇರಿಸಲಾಗದು. ಕರ್ನಾಟಕದ 2017ರ ಮೌಢ್ಯಾಚರಣೆ ನಿಷೇಧ ಕಾಯ್ದೆ ಇಂಥ ಕೃತ್ಯಗಳನ್ನು ಅಪರಾಧವಾಗಿಸಿದೆ.

ಜನ ಯಾರ ಬಳಿಗೆ ಹೋಗುತ್ತಾರೆಂಬುದನ್ನು ಕರ್ನಾಟಕದಲ್ಲಿ ಸೂಕ್ಷ್ಮವಾಗಿ ನೋಡಿದ ಅಧ್ಯಯನವೆಂದರೆ ಉಡುಪಿ ಬಳಿಯ ಕೋಟದ್ದು. ಮನೋವೈದ್ಯರಾದ ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅಲ್ಲಿ ಮನೆಮನೆ ಸುತ್ತಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ವೈದ್ಯ, ಮಂತ್ರವಾದಿ, ದೈವದ ಪಾತ್ರಿ, ಇಂಗ್ಲಿಷ್ ಮದ್ದಿನ ಡಾಕ್ಟರು, ಎಲ್ಲರ ಬಳಿಗೂ ಜನ ಹೋಗುತ್ತಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂಬ ಹಟ ಅವರಿಗೆ ಇರಲಿಲ್ಲ. ಕೊಳ್ಳೇಗಾಲದಲ್ಲಿಯೂ ಮುಂದೆ ಆದದ್ದು ಇದೇ: ಕೊರಳಲ್ಲಿ ತಾಯತ, ಜೇಬಿನಲ್ಲಿ ಮಾತ್ರೆ. ಇದಕ್ಕೆ ಕಾಯಿಲೆಯ ಸ್ವಭಾವವೂ ಒಂದು ಕಾರಣ. ಸ್ಕಿಜೋಫ್ರೇನಿಯಾ ಏರಿಳಿತದ ಕಾಯಿಲೆ. ಕೆಲವರಲ್ಲಿ ಮೊದಲ ಸಲ ತಾನಾಗಿಯೇ ತಗ್ಗುವುದೂ ಉಂಟು. ಆಗ ಕೊನೆಯಲ್ಲಿ ಯಾರ ಬಳಿ ಹೋಗಿದ್ದರೋ ಅವರಿಗೆ ಹೆಸರು ಬರುತ್ತದೆ.

ಸರ್ಕಾರದ ಹುಚ್ಚಾಸ್ಪತ್ರೆಯ ದಾರಿ ಈ ಸೀಮೆಯವರಿಗೆ ಬಹಳ ಕಾಲ ಎರಡು ದಿಕ್ಕಿಗೆ ಒಡೆದಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಯಿತು, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ರಾಜ್ಯದೊಳಗೇ ಉಳಿಯಿತು. ಕಾವೇರಿಯಾಚೆಯ ಮಳವಳ್ಳಿಯೂ ಮೈಸೂರಿನದೇ. ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರ್ 1830ರ ದಶಕದಲ್ಲಿ ಕಲ್ಲುಸೇತುವೆ ಕಟ್ಟಿಸಿದ್ದರಿಂದ ಜನ, ಗಾಡಿ, ರೇಷ್ಮೆ ಓಡಾಡಿದವು. ಆಡಳಿತದ ಕಾಗದ ಮಾತ್ರ ಮದ್ರಾಸಿನ ಕಡೆಗೇ ಹೋಗುತ್ತಿತ್ತು. 1858ರ ಮತ್ತು 1912ರ ಲೂನಸಿ ಕಾಯ್ದೆಗಳ ಪ್ರಕಾರ ಒಬ್ಬನನ್ನು ಬಲವಂತವಾಗಿ ಆಸ್ಪತ್ರೆಗೆ ಸೇರಿಸಲು ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಿತ್ತು. ಯಳಂದೂರಿನವನಿಗೆ ಬೆಂಗಳೂರು. ಕೆಲವೇ ಮೈಲಿ ಆಚೆಯ ಕೊಳ್ಳೇಗಾಲದವನು ಮದ್ರಾಸ್ ಪ್ರಾಂತ್ಯದ ಪ್ರಜೆ. ಆ ಪ್ರಾಂತ್ಯದ ಮುಖ್ಯ ಹುಚ್ಚಾಸ್ಪತ್ರೆ 1871ರಿಂದ ಮದ್ರಾಸಿನ ಕಿಲ್ಪಾಕ್‌ನಲ್ಲಿತ್ತು. ದಿಂಬಂ ಘಾಟಿ ಇಳಿದು ಸತ್ಯಮಂಗಲ, ಮುಂದೆ ರೈಲು ಇದ್ದ ಊರು ಸೇರಿ ಮದ್ರಾಸು: ಇಷ್ಟು ದೂರ ಕಳಿಸಿದ ಮಗನನ್ನು ನೋಡಲು ಹಳ್ಳಿಯ ತಾಯಿ ಎಷ್ಟು ಸಲ ಹೋಗಿ ಬರಲು ಸಾಧ್ಯ? ಬಹುಪಾಲು ರೋಗಿಗಳು ಮನೆಯಲ್ಲೇ ಉಳಿದರು. ಸಾಧುವಾಗಿದ್ದವರು ದನ ಕಾಯುತ್ತ, ಉಂಡಲ್ಲಿ ಮಲಗುತ್ತ ಬಾಳಿದರು. ಆರ್ಭಟಿಸುತ್ತಿದ್ದವರ ಪಾಡು ಹಿತ್ತಿಲ ಕೋಣೆ ಅಥವಾ ಸರಪಳಿ.

ಬೆಂಗಳೂರಿನ ಹುಚ್ಚಾಸ್ಪತ್ರೆ ಶುರುವಾದದ್ದು 1840ರ ದಶಕದ ಕೊನೆಯಲ್ಲಿ, ವೈದ್ಯ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ಉಸ್ತುವಾರಿಯಲ್ಲಿ. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ಮಾನಸಿಕ ರೋಗಿಗಳ ಆಸ್ಪತ್ರೆಯೆಂದು ಬದಲಿಸಿತು. ಆಗಿನ ಮುಖ್ಯಸ್ಥ ಡಾ. ಫ್ರ್ಯಾಂಕ್ ನೊರೋನ್ಹಾ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಹಳೆಯ ಇಕ್ಕಟ್ಟಿನ ಕಟ್ಟಡ ಬಿಟ್ಟು ಲಕ್ಕಸಂದ್ರದ ಎತ್ತರದಲ್ಲಿ ತೋಟಗಳ ನಡುವೆ ಹೊಸ ಆಸ್ಪತ್ರೆ ಎದ್ದಿತು. 1930ರ ದಶಕದ ಕೊನೆಯ ಭಾಗದಲ್ಲಿ ರೋಗಿಗಳು ಅಲ್ಲಿಗೆ ಬಂದರು. ಇಂದಿನ ನಿಮ್ಹಾನ್ಸ್ ಇರುವುದು ಅದೇ ಜಾಗದಲ್ಲಿ. ನೊರೋನ್ಹಾ ನಂತರ ಬಂದ ಡಾ. ಎಂ. ವಿ. ಗೋವಿಂದಸ್ವಾಮಿ ಆ ಕಾಲದ ಹೊಸ ಚಿಕಿತ್ಸೆಗಳನ್ನೆಲ್ಲ ಬೆಂಗಳೂರಿಗೆ ತಂದರು. ಕಾರ್ಡಿಯಜೋಲ್ ಕೊಟ್ಟು ಸೆಳವು ಬರಿಸುವುದು, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಶಸ್ತ್ರತಜ್ಞ ಬಿ. ಎನ್. ಬಾಲಕೃಷ್ಣ ರಾವ್ ಅವರ ಜೊತೆ ಮಿದುಳಿನ ಮುಂಭಾಗದ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ. ಈ ಶಸ್ತ್ರಚಿಕಿತ್ಸೆಯ ವರದಿ 1944ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಂದು ಓದಿದರೆ ಎದೆ ನಡುಗುವ ಚಿಕಿತ್ಸೆಗಳಿವು. ಆದರೆ ಬೀಗ ಮತ್ತು ಮಂಪರು ತರಿಸುವ ಬ್ರೋಮೈಡ್ ಬಿಟ್ಟು ಬೇರೆ ಏನೂ ಇಲ್ಲದಿದ್ದ ಕಾಲದಲ್ಲಿ ವೈದ್ಯರು ಇವುಗಳಲ್ಲಿ ಒಂದು ಆಸೆ ಕಂಡಿದ್ದರು ಎಂಬುದನ್ನು ಮರೆಯಬಾರದು. 1946ರ ಭೋರ್ ಸಮಿತಿಯ ಲೆಕ್ಕದಲ್ಲಿ ಇಡೀ ಅವಿಭಜಿತ ಭಾರತಕ್ಕೆ ಇದ್ದ ಮಾನಸಿಕ ಆಸ್ಪತ್ರೆಯ ಹಾಸಿಗೆಗಳು ಸುಮಾರು 10 ಸಾವಿರ. ಜನಸಂಖ್ಯೆ 40 ಕೋಟಿ ಸಮೀಪಿಸಿತ್ತು.

ಮದ್ದಿನ ಕಥೆಯಲ್ಲಿ ಭಾರತದ ಒಂದು ಬೇರು ಮೊದಲು ಬರುತ್ತದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರನ್ನು ಉನ್ಮಾದಕ್ಕೆ ಕೊಡುವುದು ಹಳೆಯ ರೂಢಿ. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದನ್ನು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದೆಂದು ವೈದ್ಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಸ್ ಕಂಪನಿ ಸೀಬಾ ಅದರಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿತು. ಒಂದೆರಡು ವರ್ಷದಲ್ಲೇ ಅಮೆರಿಕದ ಆಸ್ಪತ್ರೆಗಳಿಂದ ಬೇಡಿಕೆ ಎಷ್ಟು ಏರಿತೆಂದರೆ ಭಾರತ ಸರ್ಕಾರ ಬೇರಿನ ರಫ್ತಿಗೆ ನಿರ್ಬಂಧ ಹಾಕಬೇಕಾಯಿತು. ಆದರೆ ರೆಸರ್ಪಿನ್ ರಕ್ತದೊತ್ತಡವನ್ನು ತೀರ ಇಳಿಸುತ್ತಿತ್ತು, ಮನಸ್ಸನ್ನು ಕುಗ್ಗಿಸುತ್ತಿತ್ತು. ಅದರ ಜಾಗಕ್ಕೆ ಕ್ಲೋರ್‌ಪ್ರೊಮಜಿನ್ ಬಂತು.

ಕ್ಲೋರ್‌ಪ್ರೊಮಜಿನನ್ನು 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್-ಪೂಲಾಂಕ್ ಕಂಪನಿಯ ಪಾಲ್ ಶಾರ್ಪಾಂತಿಯೆ ತಯಾರಿಸಿದರು. ಹುಡುಕುತ್ತಿದ್ದದ್ದು ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ದೇಹ ಆಘಾತಕ್ಕೆ ಸಿಲುಕದಂತೆ ತಡೆಯುವ ಮದ್ದನ್ನು. ಅದು ಕೊಟ್ಟ ರೋಗಿ ಎಚ್ಚರವಿದ್ದೂ ಕಳವಳವಿಲ್ಲದೆ ಇರುವುದನ್ನು ನೌಕಾಪಡೆಯ ಶಸ್ತ್ರವೈದ್ಯ ಆಂರಿ ಲಾಬೊರೀ ಗಮನಿಸಿದರು. ಪ್ಯಾರಿಸ್ಸಿನ ಸೇಂತ್-ಆನ್ ಆಸ್ಪತ್ರೆಯಲ್ಲಿ ಜಾನ್ ದೆಲೇ ಮತ್ತು ಪಿಯೆರ್ ದೆನಿಕೆರ್ 1952ರಲ್ಲಿ ಅದನ್ನು ಮನೋರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ನಿದ್ದೆ ಬರಿಸುವ ಮದ್ದು ಮೊದಲೇ ಇತ್ತು. ಇದು ಕೇಳಿಸುವ ಮಾತುಗಳನ್ನೇ ತಗ್ಗಿಸಿತು. 1958ರಲ್ಲಿ ಬೆಲ್ಜಿಯಂನ ಪಾಲ್ ಯಾನ್ಸೆನ್ ಹ್ಯಾಲೊಪೆರಿಡಾಲ್ ತಂದರು. ಇವು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಸಂಕೇತವನ್ನು ತಡೆಯುತ್ತವೆಂಬ ಸುಳಿವು 1963ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರಿಂದ ಸಿಕ್ಕಿತು. ಆ ಹೊತ್ತಿಗೆ ಲಕ್ಷಾಂತರ ಜನ ಮಾತ್ರೆ ನುಂಗುತ್ತಿದ್ದರು.

ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ 1954ರ ಡಿಸೆಂಬರಿನಲ್ಲಿ ಆರಂಭವಾಯಿತು. ದೇಶಕ್ಕೆ ಬೇಕಾದ ಮನೋವೈದ್ಯರು ಇಲ್ಲಿ ತಯಾರಾದರು. ಮಂಗಳೂರಿನಲ್ಲಿ ಹುಟ್ಟಿದ ಡಾ. ಎಂ. ಶಾರದಾ ಮೆನನ್ ಇಲ್ಲಿ ಕಲಿತು 1961ರಲ್ಲಿ ಕಿಲ್ಪಾಕ್ ಆಸ್ಪತ್ರೆಯ ಮುಖ್ಯಸ್ಥೆಯಾದರು. ಒಂದು ಕಾಲದಲ್ಲಿ ಕೊಳ್ಳೇಗಾಲದವರ ಪಾಲಿಗೆ ಸರ್ಕಾರ ತೋರಿಸಿದ್ದ ಅದೇ ಆಸ್ಪತ್ರೆಯಲ್ಲಿ ಅವರು ಹೊರರೋಗಿ ವಿಭಾಗವನ್ನೂ ಪುನರ್ವಸತಿಯನ್ನೂ ಬೆಳೆಸಿದರು. 1984ರಲ್ಲಿ ಮದ್ರಾಸಿನಲ್ಲಿ ಸ್ಕಿಜೋಫ್ರೇನಿಯಾಕ್ಕೇ ಮೀಸಲಾದ ಸ್ಕಾರ್ಫ್ ಸಂಸ್ಥೆ ಕಟ್ಟಿದವರೂ ಅವರೇ. ಅಷ್ಟರಲ್ಲಿ ಗಡಿ ಬದಲಾಗಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು, ಮೈಸೂರು ಜಿಲ್ಲೆಯ ಭಾಗವಾಯಿತು. ಮಧುವನಹಳ್ಳಿಯ ರೋಗಿಗೆ ಮೈಸೂರಿನ ಕೆ. ಆರ್. ಆಸ್ಪತ್ರೆ, ಬೆಂಗಳೂರಿನ ಸಂಸ್ಥೆ ತನ್ನ ರಾಜ್ಯದ ಆಸ್ಪತ್ರೆಗಳಾದವು. ಆದರೂ ಮೈಸೂರು ಅರವತ್ತು ಕಿಲೋಮೀಟರ್ ಆಚೆ, ಬೆಂಗಳೂರು ಅದರ ಎರಡರಷ್ಟಕ್ಕೂ ಹೆಚ್ಚು ದೂರ.

ದೂರ ಇಷ್ಟು ಮುಖ್ಯವಾಗಲು ಮದ್ದಿನ ಒಂದು ಗುಣ ಕಾರಣ. ಕ್ಲೋರ್‌ಪ್ರೊಮಜಿನ್‌ನಂಥ ಆ್ಯಂಟಿಸೈಕಾಟಿಕ್ ಮಾತ್ರೆ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಅದುಮಿ ಇಡುತ್ತದೆ. ಗುಣವಾಯಿತೆಂದು ಬಿಟ್ಟರೆ ಅದೇ ವಾರ ಏನೂ ಆಗದೆ ಇರಬಹುದು. ಎರಡು, ನಾಲ್ಕು, ಆರು ತಿಂಗಳಾದ ಮೇಲೆ ನಿದ್ದೆ ಕೆಡುತ್ತದೆ, ಸಂಶಯ ಮರಳುತ್ತದೆ. ನಡುವೆ ಇಷ್ಟು ಅಂತರವಿರುವುದರಿಂದ ಮಾತ್ರೆ ಬಿಟ್ಟದ್ದಕ್ಕೂ ಕಾಯಿಲೆ ಮರುಕಳಿಸಿದ್ದಕ್ಕೂ ಸಂಬಂಧವಿದೆಯೆಂದು ಮನೆಯವರಿಗೆ ತೋಚುವುದಿಲ್ಲ, ಮತ್ತೆ ಮಾಟದ ಮಾತು ಏಳುತ್ತದೆ. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಮಾತ್ರೆ ಮುಂದುವರಿಸಿದವರಲ್ಲಿ ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ನೂರಕ್ಕೆ 27 ಮಂದಿಗೆ, ನಿಲ್ಲಿಸಿ ಹುಸಿಮಾತ್ರೆ ಪಡೆದವರಲ್ಲಿ 64 ಮಂದಿಗೆ. ಮೊದಲ ಸಲ ಕಾಯಿಲೆ ಬಂದವರು ಗುಣವಾದ ಮೇಲೂ ಕನಿಷ್ಠ ಒಂದೆರಡು ವರ್ಷ, ಹಲವು ಸಲ ಮರುಕಳಿಸಿದವರು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮಾತ್ರೆ ತೆಗೆದುಕೊಳ್ಳಬೇಕೆಂಬ ವೈದ್ಯರ ರೂಢಿ ಇಂಥ ಅನುಭವದಿಂದ ಬಂದದ್ದು. ಅದೇ ಅಂಕಿ ಇನ್ನೊಂದು ಮಾತನ್ನೂ ಹೇಳುತ್ತದೆ: ನಿಲ್ಲಿಸಿದವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಆ ವರ್ಷ ಚೆನ್ನಾಗಿಯೇ ಇದ್ದರು. ಅವರು ಯಾರೆಂದು ಮುಂಚೆಯೇ ಗುರುತಿಸುವ ಪರೀಕ್ಷೆ ಇನ್ನೂ ಇಲ್ಲ. ಪ್ರಮಾಣವನ್ನು ಕಡಿಮೆ ಮಾಡುತ್ತ ಹೋಗುವ ಬಗ್ಗೆ ನೆದರ್ಲೆಂಡ್ಸ್‌ನಲ್ಲೂ ಇಂಗ್ಲೆಂಡಿನಲ್ಲೂ ನಡೆದ ಪ್ರಯೋಗಗಳು ಒಂದೇ ಉತ್ತರ ಕೊಟ್ಟಿಲ್ಲ. ಫಿನ್ಲೆಂಡಿನಲ್ಲಿ 62 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಇಪ್ಪತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಸಾವು ಕಡಿಮೆಯಿತ್ತು.

ಮಾತ್ರೆ ಬಿಡುವುದಕ್ಕೆ ಹಟಮಾರಿತನ ಕಾರಣವೆಂದು ಹೇಳುವವರು ಅದರ ತೊಂದರೆಗಳನ್ನು ಅನುಭವಿಸಿದವರಲ್ಲ. ಹಳೆಯ ಮಾತ್ರೆಗಳಿಂದ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಜೊಲ್ಲು ಸುರಿಯುತ್ತದೆ. ಕೆಲವರಿಗೆ ಕತ್ತು ಒಂದು ಕಡೆ ಸೆಟೆದು ನಿಂತುಬಿಡುತ್ತದೆ. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ ಇನ್ನೂ ಕಷ್ಟದ್ದು. ಇವುಗಳಿಗೆಂದು ಸಣ್ಣ ಬಿಳಿ ಮಾತ್ರೆಯಾದ ಟ್ರೈಹೆಕ್ಸಿಫೆನಿಡಿಲ್ ಜೊತೆಗೆ ಕೊಡುತ್ತಾರೆ. ಅದು ಬಾಯಿ ಒಣಗಿಸುತ್ತದೆ. ವರ್ಷಗಳ ನಂತರ ಕೆಲವರಲ್ಲಿ ತುಟಿ, ನಾಲಿಗೆ, ದವಡೆ ತಾವಾಗಿಯೇ ಆಡತೊಡಗುತ್ತವೆ. 1990ರ ದಶಕದಲ್ಲಿ ಬಂದ ರಿಸ್ಪೆರಿಡೋನ್, ಒಲಾಂಜಪಿನ್ ಮಾತ್ರೆಗಳಲ್ಲಿ ನಡುಕ ಕಡಿಮೆ. ಆದರೆ ಒಲಾಂಜಪಿನ್‌ನಿಂದ ಹಸಿವು ಹೆಚ್ಚಿ ತೂಕ ಏರುತ್ತದೆ, ಸಕ್ಕರೆ ಕಾಯಿಲೆ ಹಿಂದೆಯೇ ಬರಬಹುದು. ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆಯನ್ನು ಆಗಾಗ ನೋಡುವುದು ಮಾತ್ರೆ ಕೊಡುವಷ್ಟೇ ಮುಖ್ಯ. ಹಳ್ಳಿಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ.

ದಿನವೂ ಮಾತ್ರೆ ನುಂಗಿಸುವುದು ಕಷ್ಟವಾದ ಮನೆಗಳಿಗೆ 1960ರ ದಶಕದ ಕೊನೆಯಲ್ಲಿ ಬಂದ ಫ್ಲುಫೆನಜಿನ್ ಡೆಕನೊಯೇಟ್ ಸೂಜಿಮದ್ದು ದೊಡ್ಡ ನೆರವಾಯಿತು. ಈ ಮದ್ದನ್ನು ಎಳ್ಳೆಣ್ಣೆಯಲ್ಲಿ ಕರಗಿಸಿರುತ್ತಾರೆ. ಒಂದು ಮಿಲಿಲೀಟರಿನಲ್ಲಿ 25 ಮಿಲಿಗ್ರಾಂ ಮದ್ದು. ಎಣ್ಣೆ ಮಂದವಾದ್ದರಿಂದ ದಪ್ಪ ಸೂಜಿಯಲ್ಲಿ ಪೃಷ್ಠದ ಸ್ನಾಯುವಿನ ಆಳಕ್ಕೆ, ನಿಧಾನವಾಗಿ ಇಳಿಸಬೇಕು. ಆಮೇಲೆ ಆ ಜಾಗ ಉಜ್ಜಬಾರದು. ಅಲ್ಲಿಂದ ಅದು ಎರಡರಿಂದ ನಾಲ್ಕು ವಾರ ರಕ್ತಕ್ಕೆ ಸ್ವಲ್ಪಸ್ವಲ್ಪವೇ ಸೇರುತ್ತದೆ. ಇದರಿಂದ ತಿಂಗಳಿಗೊಮ್ಮೆ ನರ್ಸ್ ಅಥವಾ ವೈದ್ಯರು ರೋಗಿಯ ಮುಖ ನೋಡುವುದೂ ಆಯಿತು. ಬಾರದವರ ಲೆಕ್ಕ ಸಿಗುವುದರಿಂದ ಹುಡುಕಿಕೊಂಡು ಹೋಗಲೂ ಸಾಧ್ಯವಾಯಿತು. ಹಳ್ಳಿಯ ಚಿಕಿತ್ಸೆಯ ಏರ್ಪಾಡಿನ ದೃಷ್ಟಿಯಿಂದ ಇದು ಮದ್ದಿನಷ್ಟೇ ಬೆಲೆಯುಳ್ಳದ್ದು.

ಆಸ್ಪತ್ರೆಯಿಂದ ಹಳ್ಳಿಯ ಕಡೆಗೆ ನಡೆಯುವ ಕೆಲಸ 1970ರ ದಶಕದಲ್ಲಿ ಶುರುವಾಯಿತು. ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಳ್ಳುವುದನ್ನು ಅಮೃತಸರದ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆಸ್ಪತ್ರೆಯ ಆವರಣದಲ್ಲಿ ಗುಡಾರ ಹಾಕಿಸಿ ತೋರಿಸಿದ್ದರು. 1974ರಲ್ಲಿ ಬೆಂಗಳೂರಿನ ಆ ಆಸ್ಪತ್ರೆ ಮತ್ತು ಸಂಸ್ಥೆ ಸೇರಿ ನಿಮ್ಹಾನ್ಸ್ ರೂಪುಗೊಂಡ ಮೇಲೆ ನಗರದ ಹೊರವಲಯದ ಸಕಲವಾರದಲ್ಲಿ 1976ರಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ. ಆರ್. ಚಂದ್ರಶೇಖರ್ ಮೊದಲಾದವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸಿ ಮದ್ದು ಕೊಡುವುದನ್ನು ಕಲಿಸಿದರು. ಚನ್ನಪಟ್ಟಣದ ಚಂದ್ರಶೇಖರ್ ಅದನ್ನೆಲ್ಲ ಸರಳ ಕನ್ನಡದಲ್ಲಿ ನೂರಾರು ಪುಸ್ತಕಗಳಾಗಿ ಬರೆದದ್ದು ಬೇರೆಯದೇ ದೊಡ್ಡ ಸೇವೆ. ಹಳ್ಳಿಯ ಎಷ್ಟೋ ಓದುಗರು ಈ ಕಾಯಿಲೆಯ ಬಗ್ಗೆ ಮೊದಲ ಸಲ ತಿಳಿದದ್ದು ಅವರ ಬರಹಗಳಿಂದ. ನಿಮ್ಹಾನ್ಸ್ ತಂಡ ತಿಂಗಳಿಗೊಮ್ಮೆ ಹೋಗುವ ಕ್ಲಿನಿಕ್‌ಗಳು ಕನಕಪುರ, ಮದ್ದೂರು, ಆನೇಕಲ್, ಮಧುಗಿರಿ, ಗೌರಿಬಿದನೂರುಗಳಲ್ಲಿ ನಡೆದವು. ಮಳವಳ್ಳಿ, ಕನಕಪುರದ ಮೇಲೆ ಬೆಂಗಳೂರಿಗೆ ಹೋಗುವ ಕೊಳ್ಳೇಗಾಲದವರಿಗೆ ಇವುಗಳಲ್ಲಿ ಕನಕಪುರ ದಾರಿಯ ಮೇಲಿನದು.

ಮನೆಯಲ್ಲೇ ಆರೈಕೆ ಸಾಧ್ಯವೇ ಎಂಬ ಪ್ರಶ್ನೆಗೆ ಬೆಂಗಳೂರಿನಿಂದಲೇ ಉತ್ತರ ಬಂತು. ಶೈಲಾ ಪೈ ಮತ್ತು ಆರ್. ಎಲ್. ಕಪೂರ್ 54 ಸ್ಕಿಜೋಫ್ರೇನಿಯಾ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಆಸ್ಪತ್ರೆಯಲ್ಲಿ ಉಳಿಯಿತು. ಇನ್ನೊಂದು ಗುಂಪಿನವರ ಮನೆಗೆ ತರಬೇತಾದ ನರ್ಸ್ ಆರು ತಿಂಗಳು ಹೋಗಿಬಂದು ಮದ್ದು, ಮಾತು, ಸಲಹೆ ಎಲ್ಲವನ್ನೂ ನೋಡಿಕೊಂಡರು. ಮನೆಯಲ್ಲಿದ್ದವರೇ ಮೇಲಾಗಿದ್ದರು, ಮನೆಯವರ ಭಾರವೂ ಇಳಿದಿತ್ತು. 1980ರ ದಶಕದ ಆರಂಭದಲ್ಲಿ ಪ್ರಕಟವಾದ ಈ ಅಧ್ಯಯನ ನರ್ಸಿನ ಕೈಗೆ ಇರುವ ಶಕ್ತಿಯನ್ನು ಸ್ಪಷ್ಟವಾಗಿ ತೋರಿಸಿತು. ಅದನ್ನು ರಾಜ್ಯದ ಪ್ರತಿ ತಾಲ್ಲೂಕಿಗೂ ವಿಸ್ತರಿಸದೆ ಹೋದದ್ದು ಈ ಚರಿತ್ರೆಯ ದೊಡ್ಡ ನಷ್ಟಗಳಲ್ಲಿ ಒಂದು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬಳ್ಳಾರಿಯನ್ನು ಆರಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಬೆರಳೆಣಿಕೆಯ ಔಷಧಗಳಿಂದ ಚಿಕಿತ್ಸೆ ನಡೆಯಿತು: ಕ್ಲೋರ್‌ಪ್ರೊಮಜಿನ್, ಫ್ಲುಫೆನಜಿನ್ ಸೂಜಿ, ಖಿನ್ನತೆಯ ಮಾತ್ರೆ, ಮೂರ್ಛೆರೋಗದ ಮಾತ್ರೆ, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಬಳ್ಳಾರಿಯ ಮಾದರಿಯನ್ನೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಹಬ್ಬಿಸಲಾಯಿತು.

ಈ ಸೀಮೆಯೊಳಗೆ ಮಿದುಳಿನ ಕಾಯಿಲೆಗೆ ಹಳ್ಳಿಯಲ್ಲೇ ದೀರ್ಘಕಾಲ ಮದ್ದು ಕೊಡಬಹುದೆಂದು ತೋರಿಸಿದ್ದು ಯಳಂದೂರು. ಅಲ್ಲಿ ನಡೆದದ್ದು ಮೂರ್ಛೆರೋಗದ ಕೆಲಸ, ಆದರೆ ಪಾಠ ಒಂದೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಆರಂಭಿಸಿದ ಡಾ. ಎಚ್. ಸುದರ್ಶನ್ ಕುಷ್ಠರೋಗ ನಿಯಂತ್ರಣಕ್ಕಾಗಿ ಯಳಂದೂರು ತಾಲ್ಲೂಕಿನಲ್ಲಿ ಕರುಣಾ ಟ್ರಸ್ಟ್ ಕಟ್ಟಿದ್ದರು. ಮನೆಮನೆ ಸುತ್ತುವ ಆ ವ್ಯವಸ್ಥೆಯನ್ನು ಬಳಸಿಕೊಂಡು ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸಮೀಕ್ಷೆ ಮಾಡಿದರು, ಮೂರ್ಛೆ ಇದ್ದವರಿಗೆ ಅಗ್ಗದ ಫೀನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಳ ಕಾಲ ಹಿಂಬಾಲಿಸಿದರು. ಫಲಿತಾಂಶ 2001ರಲ್ಲಿ ‘ಯಳಂದೂರು ಅಧ್ಯಯನ’ವಾಗಿ ‘ಲ್ಯಾನ್ಸೆಟ್’ ಸೇರಿತು. ದೆವ್ವದ ಕಾಟವೆಂದೇ ನಂಬಿದ್ದ ಇನ್ನೊಂದು ಕಾಯಿಲೆ ದಿನದ ಮಾತ್ರೆಗೆ ಬಗ್ಗುತ್ತದೆಂದು ಊರವರ ಕಣ್ಣೆದುರೇ ಸಾಬೀತಾಯಿತು. ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ವಹಿಸಿಕೊಂಡ ಕರುಣಾ ಟ್ರಸ್ಟ್ ಮುಂದೆ ಮಾನಸಿಕ ಆರೋಗ್ಯವನ್ನೂ ಪ್ರಾಥಮಿಕ ಆರೋಗ್ಯದ ಕೆಲಸಕ್ಕೆ ಸೇರಿಸಿತು.

ಸ್ಕಿಜೋಫ್ರೇನಿಯಾದಲ್ಲಿ ಇಂಥ ತಾಲ್ಲೂಕು ಮಟ್ಟದ ಕೆಲಸ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 2005ರ ಹೊತ್ತಿಗೆ ಶುರುವಾಯಿತು, ಆಮೇಲೆ ತುರುವೇಕೆರೆಗೂ ಬಂತು. ನಿಮ್ಹಾನ್ಸ್‌ನ ಡಾ. ಬಿ. ಎನ್. ಗಂಗಾಧರ್, ಡಾ. ಜಗದೀಶ ತೀರ್ಥಹಳ್ಳಿ ಮತ್ತು ತಂಡದವರು ಆರೋಗ್ಯ ಕಾರ್ಯಕರ್ತರ ಮೂಲಕ ತಾಲ್ಲೂಕಿನ ರೋಗಿಗಳನ್ನು ಹುಡುಕಿ ಸ್ಥಳೀಯ ಆರೋಗ್ಯ ಕೇಂದ್ರಗಳಲ್ಲೇ ಮದ್ದು ಕೊಡಿಸಿದರು. ಒಮ್ಮೆಯೂ ಚಿಕಿತ್ಸೆ ಸಿಗದೆ ವರ್ಷಗಟ್ಟಲೆ ಕಳೆದವರು ಅಲ್ಲಿ ಸಿಕ್ಕರು. ಮದ್ದು ತೆಗೆದುಕೊಂಡವರ ದುಡಿಯುವ, ಬೆರೆಯುವ ಶಕ್ತಿ ಮದ್ದಿಲ್ಲದವರಿಗಿಂತ ಉತ್ತಮವಾದದ್ದು ಅಧ್ಯಯನದಲ್ಲಿ ಕಂಡಿತು. ಬಡದೇಶಗಳಲ್ಲಿ ಈ ಕಾಯಿಲೆ ತಾನಾಗಿಯೇ ಚೆನ್ನಾಗಿ ಗುಣವಾಗುತ್ತದೆ ಎಂಬ ಮಾತು ವಿಶ್ವ ಆರೋಗ್ಯ ಸಂಸ್ಥೆಯ 1960–70ರ ದಶಕಗಳ ಅಧ್ಯಯನಗಳಿಂದ ಹರಡಿತ್ತು. ಕೂಡುಕುಟುಂಬದ ಆಸರೆ ನಿಜವೇ. ಆದರೆ ಆ ಮಾತನ್ನು ಮದ್ದು ತಲುಪಿಸದಿರಲು ನೆಪ ಮಾಡಿಕೊಳ್ಳುವಂತಿಲ್ಲ ಎಂಬುದು ತೀರ್ಥಹಳ್ಳಿಯಿಂದ ಖಚಿತವಾಯಿತು.

ಮದ್ದಿಗೆ ಜಗ್ಗದ ಕಾಯಿಲೆಗೆ ಉಳಿದಿರುವ ಮುಖ್ಯ ಆಸರೆ ಕ್ಲೋಜಪಿನ್. 1975ರಲ್ಲಿ ಫಿನ್ಲೆಂಡಿನಲ್ಲಿ ಬಿಳಿ ರಕ್ತಕಣ ಕುಸಿದು ಎಂಟು ಮಂದಿ ಸತ್ತ ಮೇಲೆ ಅದು ಮೂಲೆ ಸೇರಿತ್ತು. 1988ರ ಅಮೆರಿಕದ ಪ್ರಯೋಗದಲ್ಲಿ ಬೇರೆ ಮದ್ದಿಗೆ ಬಗ್ಗದವರಲ್ಲಿ ನೂರಕ್ಕೆ 30 ಮಂದಿ ಸುಧಾರಿಸಿದಾಗ ಮರಳಿ ಬಂತು, ರಕ್ತಪರೀಕ್ಷೆಯ ಕಟ್ಟುಪಾಡಿನೊಂದಿಗೆ. ಮೊದಲ ಹದಿನೆಂಟು ವಾರ ವಾರಕ್ಕೊಮ್ಮೆ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಬೆಟ್ಟದ ತಪ್ಪಲಿನ ಹಳ್ಳಿಯ ಕೂಲಿ ಕುಟುಂಬಕ್ಕೆ ವಾರಕ್ಕೊಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತವೆ.

ಕಾಯಿಲೆಯೊಂದಿಗೆ ಬಾಳುವುದೆಂದರೆ ಕೆಲಸಕ್ಕೆ ಮರಳುವುದು. ಕೊಳ್ಳೇಗಾಲಕ್ಕೆ ರೇಷ್ಮೆಯಿಂದಲೂ ಹೆಸರಿದೆ; ಸುತ್ತಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹುಳು ಮೇಯಿಸುವುದು, ಚಂದ್ರಿಕೆ ತಟ್ಟೆಯಿಂದ ಗೂಡು ಬಿಡಿಸುವುದು ಮನೆಮಂದಿಯೆಲ್ಲ ಹಂಚಿಕೊಂಡು ಮಾಡುವ ಕೆಲಸ. ಮಾತು ಕಡಿಮೆ ಬೇಕಾದ, ತನ್ನ ವೇಗದಲ್ಲಿ ಮಾಡಬಹುದಾದ ಇಂಥ ಕೆಲಸ ಚೇತರಿಸಿಕೊಳ್ಳುತ್ತಿರುವವರಿಗೆ ಒಗ್ಗುತ್ತದೆ. ಆದರೆ ಹುಳು ಕೊನೆಯ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಸುಮಾರು ಎಂಟು ದಿನ ರಾತ್ರಿಯೂ ಸೊಪ್ಪು ಹಾಕಬೇಕು. ರಾತ್ರಿ ಮಾತ್ರೆ ಮಂಪರು ತರುತ್ತದೆ, ನಿದ್ದೆಗೆಟ್ಟರೆ ಕಾಯಿಲೆ ಕೆದರುತ್ತದೆ. ಆ ಎಂಟು ದಿನ ರಾತ್ರಿಯ ಪಾಳಿಯನ್ನು ಬೇರೆಯವರು ವಹಿಸಿಕೊಂಡರೆ ಮಾತ್ರೆಯೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ. ಇಷ್ಟು ಸಣ್ಣ ಹೊಂದಾಣಿಕೆ ಗೊತ್ತಿಲ್ಲದೆ ಮಾತ್ರೆಯನ್ನೇ ಬಿಡುವುದುಂಟು.

ಮದುವೆ ಮಾಡಿದರೆ ಸರಿಹೋಗುತ್ತದೆಂಬ ನಂಬಿಕೆ ಇನ್ನೊಂದು ಗಂಡಾಂತರ. ಹೊಸ ಮನೆಯಲ್ಲಿ ಮಾತ್ರೆ ಮುಚ್ಚಿಡಬೇಕಾದ ಹೆಣ್ಣು ಅದನ್ನು ಬಿಟ್ಟೇಬಿಡುತ್ತಾಳೆ. ಕಾಯಿಲೆ ಮರುಕಳಿಸಿದಾಗ ತವರಿಗೆ ಕಳಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯ 1976ರ ತಿದ್ದುಪಡಿ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸ್ಕಿಜೋಫ್ರೇನಿಯಾವನ್ನು ಹೆಸರಿಸಿದೆ. ಆದರೆ ಹೆಸರು ಅಂಟಿದ ಮಾತ್ರಕ್ಕೆ ವಿಚ್ಛೇದನ ಸಿಗದು, ಕಾಯಿಲೆಯ ತೀವ್ರತೆಯನ್ನು ನೋಡಬೇಕು ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕಾನೂನಿನ ದಿಕ್ಕು ಬದಲಾಗಲು ಒಂದು ದುರಂತವೂ ಕಾರಣವಾಯಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು ಸರಪಳಿ ಕಟ್ಟಿದ್ದ 28 ಮಾನಸಿಕ ರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿತು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಚೆನ್ನಾಗಿರುವಾಗಲೇ ಬರೆದಿಡುವ, ತನ್ನ ಪರವಾಗಿ ಮಾತಾಡುವವರನ್ನು ಹೆಸರಿಸುವ ಹಕ್ಕನ್ನೂ ಕೊಟ್ಟಿತು. ಅಂಗವಿಕಲರ ಕಾಯ್ದೆ 1995ರಲ್ಲೇ ಮಾನಸಿಕ ಕಾಯಿಲೆಯನ್ನು ಒಳಗೊಂಡಿತ್ತು. ಶೇಕಡ 40ಕ್ಕಿಂತ ಕಡಿಮೆಯಿಲ್ಲದ ಅಸಾಮರ್ಥ್ಯದ ಪ್ರಮಾಣಪತ್ರವಿದ್ದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು.

ಕೊಳ್ಳೇಗಾಲ ಸೀಮೆಯನ್ನೂ ಒಳಗೊಂಡು ಚಾಮರಾಜನಗರ 1997ರಲ್ಲಿ ಜಿಲ್ಲೆಯಾಯಿತು. 2016ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಬಂತು. 2014ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಪದ್ಧತಿ ಬೆಳೆಯಿತು. 2016ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಂಥ ತೀವ್ರ ಕಾಯಿಲೆ ಇದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚಿಕಿತ್ಸೆಯ ಹೊರಗಿದ್ದರು. 2022ರ ಅಕ್ಟೋಬರಿನಿಂದ 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮನಸ್ ಸೇವೆಯಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಮದ್ದುಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕೂ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಕನಿಷ್ಠ ಸೇವೆ ತನ್ನ ಜಿಲ್ಲೆಯ ಸರ್ಕಾರಿ ವ್ಯವಸ್ಥೆಯಲ್ಲಿ ಸಿಗದಿದ್ದರೆ ರೋಗಿ ಅಲ್ಲಿನ ಬೇರೆ ಯಾವುದೇ ಮಾನಸಿಕ ಆರೋಗ್ಯ ಸೇವೆಗೆ ಹೋಗಬಹುದು, ಆ ಖರ್ಚನ್ನು ಸರ್ಕಾರವೇ ಭರಿಸಬೇಕು.